ಅಡ್ಡ ಮಲಗಿದ ಕೂಸು

ಮೊನ್ನೆ ಅಟ್ಟದ ಮೇಲಿನ ಹಳೆಯ ತಗಡಿನ ಟ್ರಂಕು ಇಳಿಸಲು ಹೋಗಿ ಅಂಗೈ ಕೊಯ್ದುಕೊಂಡೆ. ಅರವತ್ತು ದಾಟಿದವಳು ಸ್ಟೂಲು ಹತ್ತಬಾರದೆಂದು ಮನೆಯವರೆಲ್ಲ ಹೇಳಿದ್ದರು. ಹೇಳಿದ್ದಕ್ಕೇ ಹತ್ತಿದ್ದೆ. ತುಕ್ಕು ಹಿಡಿದ ತಗಡು, ಇಂಜೆಕ್ಷನ್ ಆಗಲೇಬೇಕು ಎಂದು ಮಗಳು ನನ್ನನ್ನು ಗದಗಿನ ಒಂದು ದವಾಖಾನೆಗೆ ಎಳೆದುಕೊಂಡು ಹೋದಳು. ಪರದೆ ಸರಿಸಿ ಒಳಗೆ ಕಾಲಿಟ್ಟೆನೋ ಇಲ್ಲವೋ, ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ರೋಗ ನೆನಪಾಗಬಹುದು, ಬಿಲ್ಲು ನೆನಪಾಗಬಹುದು. ನನಗೆ ನಮ್ಮ ಆಯಿ ನೆನಪಾಗುತ್ತಾಳೆ, ನೆನಪಾದೊಡನೆ ಹಸಿವಾಗುತ್ತದೆ. ಯಾಕೆಂದರೆ ಆಯಿ ಡ್ಯೂಟಿ ಮುಗಿಸಿ ಬಂದಳೆಂದರೆ ಅವಳ ಚೀಲದಲ್ಲಿ ಯಾರೋ ಬಾಣಂತಿಯ ಮನೆಯವರು ಕಟ್ಟಿಕೊಟ್ಟ ಅಂಟಿನುಂಡೆ ಇದ್ದೇ ಇರುತ್ತಿತ್ತು. ಅದಕ್ಕೂ ಸ್ಪಿರಿಟ್ಟಿನ ವಾಸನೆ ಹತ್ತಿರುತ್ತಿತ್ತು.

ಇಂಜೆಕ್ಷನ್ ಮಾಡಬೇಕಾಗಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ, ಹೊಸಬಳು. ಸಿರಿಂಜು ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಅದನ್ನು ನೋಡಿದ ನನ್ನ ಮಗಳು, "ಸಿಸ್ಟರ್, ನಮ್ಮವ್ವ ಸೂಜಿ ಅಂದ್ರ ಚೀರತಾಳ್ರಿ. ಯಾರರ ಹಿರೇರು ಮಾಡ್ರಿ" ಎಂದುಬಿಟ್ಟಳು. ಆಚೆ ಮೇಜಿನಿಂದ ಹಿರಿಯ ನರ್ಸು ಎದ್ದು, "ಬಿಡವಾ, ಸರಿ, ನಾ ಮಾಡ್ತೀನಿ" ಎಂದರು. ಹುಡುಗಿಯ ಮುಖ ಸಣ್ಣದಾಯಿತು. ಎಲ್ಲರೂ ನನ್ನ ಕಡೆ ನೋಡಿದರು. ಆ ಹುಡುಗಿ ಒಂದು ಗಳಿಗೆ ಅಲ್ಲೇ ನಿಂತಿರಲಿ. ಆಯಿಯ ಮಾತು ಹೇಳದೆ ಇವಳ ಮಾತು ಹೇಳಿದರೆ ನಿಮಗೆ ತಿಳಿಯುವುದಿಲ್ಲ.

ಆಯಿ ಎಂದರೆ ನಮ್ಮಪ್ಪನ ತಾಯಿ. ಊರಿಗೆಲ್ಲ ನರ್ಸಬಾಯಿ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಾಗ ಇಬ್ಬರು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ನರ್ಸಿನ ಕೆಲಸ ಕಲಿಯಲು ಹೋದವಳು. ಆಗ ಬಂಧುಬಳಗ ಆಡಬಾರದ ಮಾತೆಲ್ಲ ಆಡಿತಂತೆ. ಆಡಿದವರ ಸೊಸೆಯಂದಿರ ಹೆರಿಗೆಗೂ ಮುಂದೆ ಇವಳೇ ಬೇಕಾದಳು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ಎಲ್ಲೆಲ್ಲಿ ಬದಲಿಯಾದರೂ ಬೆಟಗೇರಿಯ ಮನೆಯ ಯಜಮಾನಿಕೆ ಬಿಟ್ಟುಕೊಡಲಿಲ್ಲ. ರವಿವಾರ ಬಸ್ಸಿನಿಂದ ಇಳಿದು ಬಂದು, ಚಪ್ಪಲಿ ಬಿಡುವ ಮೊದಲೇ "ಎಲ್ಲಾರೂ ಉಗುರ ತೋರಸ್ರಿ" ಎನ್ನುವಳು. ಮಕ್ಕಳು ತೋರಿಸಿದೆವು, ಸರಿ. ಒಮ್ಮೆ ದೀಪಾವಳಿಗೆ ಬಂದ ಹೊಸ ಅಳಿಯನಿಗೂ ಅದೇ ಆಯಿತು. ಆ ಮನುಷ್ಯ ಜರತಾರಿ ರುಮಾಲು ಸುತ್ತಿಕೊಂಡು ಕೈ ಮುಂದೆ ಚಾಚಿ ನಿಂತದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಮನೆಯಲ್ಲಿ ಯಾವುದೇ ವಿಷಯಕ್ಕೆ ಎಷ್ಟೇ ಚರ್ಚೆ ನಡೆಯಲಿ, ಕೊನೆಗೆ ಅವಳು "ಆತು" ಎಂದರೆ ಆಯಿತು, ಇಲ್ಲವಾದರೆ ಇಲ್ಲ.

ಎಪ್ಪತ್ತರ ದಶಕದಲ್ಲಿ ಶಾಲೆಗೆ ಸೂಟಿ ಬಿಟ್ಟಾಗ ನನ್ನನ್ನು ಅವಳ ಹತ್ತಿರ ಕಳಿಸುತ್ತಿದ್ದರು. ಸ್ಟೋವಿನ ಮೇಲೆ ಸಣ್ಣ ಡಬ್ಬಿಯಲ್ಲಿ ಸೂಜಿಗಳು ಖಟಖಟ ಎಂದು ಕುದಿಯುವ ಸದ್ದಿಗೇ ನಾನು ಹಿತ್ತಲಿಗೆ ಓಡುತ್ತಿದ್ದೆ. ನರ್ಸಬಾಯಿಯ ಮೊಮ್ಮಗಳು ಸೂಜಿಗೆ ಅಂಜುತ್ತಾಳೆ ಎನ್ನುವುದು ಇಡೀ ಮುಂಡರಗಿಗೆ ಗೊತ್ತಿತ್ತು. ಅವಳ ಜೊತೆ ಪೇಟೆಗೆ ಹೋಗುವುದು ಇನ್ನೊಂದು ಮಜಾ. ಅವಳಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಯಾರು ಹೇಗೆ ಹುಟ್ಟಿದರು ಎನ್ನುವುದು ಮಾತ್ರ ಪಕ್ಕಾ. ಗಿರಿಜಾ ಮೀಸೆಯ ಅಡತಿ ವ್ಯಾಪಾರಿ ಬಂದು ಕಾಲು ಮುಟ್ಟಿದರೆ, ನಾಲ್ಕು ಜನರ ಎದುರು, "ಇಂವಾ ಕಾಲ ಮುಂದ ಮಾಡಿ ಬಂದಾಂವ. ನನ್ನ ಬೆವರ ಇಳಿಸಿಬಿಟ್ಟಿದ್ದ ಬಾಡ್ಯಾ" ಎನ್ನುವಳು. ಅವನು ಮೀಸೆಯ ಮೇಲೆ ಕೈ ಇಟ್ಟುಕೊಂಡು ನಾಚಿ ನಗುವನು. ಸಿಂಗಟಾಲೂರಿನ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡಲು ಬಂದರೆ, "ಕೊರಳಿಗೆ ಹೊಕ್ಕಳ ಹುರಿ ಸುತಗೊಂಡ ಬಂದಾಂವ ಹೌದಲ್ಲೋ?" ಎಂದು ಕೇಳುವಳು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಅವಳ ಕೆಲಸದ ರೀತಿಯೂ ಅವಳದೇ. ಹೆರಿಗೆಯ ಮನೆಗೆ ಹೋದರೆ ಕೂಸು ಅಳುವ ತನಕ ಒಂದು ಗುಟುಕು ಚಹಾ ಮುಟ್ಟುತ್ತಿರಲಿಲ್ಲ. ಹೋದವಳೇ ಮೊದಲು ಅತ್ತೆಯನ್ನು ಕರೆದು, "ನೀರ ಕಾಸ್ರಿ. ಹಂಡೆ ತುಂಬ ಕಾಸ್ರಿ, ಬ್ಯಾರೇದವರ ಕೈಲೆ ಬ್ಯಾಡ, ನೀವ ಕುಂತು ಕಾಸ್ರಿ" ಎನ್ನುವಳು. ಒಮ್ಮೆ ಹೊಂಬಳದಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಇದನ್ನೆಲ್ಲ ನೋಡಿ, ವಾಪಸು ಬರುವಾಗ ಕೇಳಿದೆ.

"ಆಯಿ, ಅಷ್ಟ ನೀರು ಯಾತಕ್ಕ? ನೀ ಒಂದ ಬೋಗಾಣಿನೂ ತಗೋಲಿಲ್ಲಲ್ಲ?"

"ನೀರ ಯಾರಿಗೆ ಬೇಕಾಗಿತ್ತು? ಅತ್ತಿ ಒಲಿ ಮುಂದ ಕುಂತ್ರ ಸೊಸಿಗೆ ಬಾಯಿ ತೆಗದು ನರಳಾಕ ಬರತೈತಿ."

ಇಷ್ಟು ಮಂದಿಯ ಕೂಸುಗಳನ್ನು ಹಿಡಿದವಳಿಗೆ ತನ್ನ ಮನೆಯ ಒಂದು ಕೂಸನ್ನೂ ಹಿಡಿಯುವ ಯೋಗ ಬಂದಿರಲಿಲ್ಲ. ನಾನು ಅವ್ವನ ತವರು ಲಕ್ಷ್ಮೇಶ್ವರದಲ್ಲಿ ಹುಟ್ಟಿದಾಗ ಆಯಿ ಮುಂಡರಗಿಯಲ್ಲಿ ಬೇರೆ ಯಾರದೋ ನೋವಿಗೆ ಕಾದು ಕುಳಿತಿದ್ದಳು. ತಮ್ಮ ಹುಟ್ಟಿದಾಗಲೂ ಡ್ಯೂಟಿ. ಈ ಕೊರಗು ಅವಳಿಗೆ ಬಹಳ ಇತ್ತು. ನನ್ನ ಮದುವೆಯ ದಿನ ಅಕ್ಕಿಕಾಳು ಹಾಕುತ್ತ ಕಿವಿಯಲ್ಲಿ ಹೇಳಿದ್ದು ಆಶೀರ್ವಾದವಲ್ಲ: "ನಿನ್ನ ಚೊಚ್ಚಲ ಕೂಸ ನನ್ನ ಕೈಯಾಗ ಬೀಳಬೇಕ ನೋಡ. ಈಗ ಹೇಳಿರ್ತೀನಿ." ನಾನು ನಾಚಿಕೊಂಡು ತಲೆಯಾಡಿಸಿದ್ದೆ.

ಎಂಬತ್ತರ ದಶಕದ ನಡುವೆ ನಾನು ಬಸುರಿಯಾಗಿ ಬೆಟಗೇರಿಗೆ ಬಂದೆ. ಆಯಿ ನಿವೃತ್ತಳಾಗಿ ಆಗಲೇ ಕೆಲವು ವರ್ಷವಾಗಿತ್ತು. ನೋಡಿದರೆ ಹೆರಿಗೆಯ ಗಂಟು ತಯಾರಾಗಿದೆ! ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು, ಸೋಡಾ ಹಾಕಿ ಕುದಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ, ಬಿಳಿಯ ಬಟ್ಟೆಯಲ್ಲಿ ಕಟ್ಟಿ ದೇವರ ಮಾಡದ ಪಕ್ಕ ಇಟ್ಟಿದ್ದಳು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಆದರೆ ಎರಡನೆಯ ದಿನವೇ ನಾನು ಇನ್ನೊಂದನ್ನು ನೋಡಿದೆ. ಚಹಾವನ್ನು ಬಸಿಗೆ ಸುರಿದು ಕುಡಿಯುತ್ತಿದ್ದ ಆಯಿ ಈಗ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾಳೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ. ಜೋಳ ಹಸನು ಮಾಡುವಾಗ ಮೊರದಿಂದ ಕಾಳು ಹೊರಗೆ ಚೆಲ್ಲುತ್ತವೆ. ಓಣಿಯವರು ಇಂಜೆಕ್ಷನ್ ಮಾಡೆಂದು ಬಂದರೆ, "ರಿಟಾಯರ್ ಆದಮ್ಯಾಲ ಮಾಡಬಾರದ್ರಿ, ಕಾನೂನ ಐತಿ" ಎಂದು ಕಳಿಸುತ್ತಾಳೆ. ಬಲಗೈ ಯಾವಾಗಲೂ ಸೆರಗಿನ ಒಳಗೆ. ಆ ಕೈ ನಡುಗುತ್ತಿತ್ತು.

ನನಗೆ ಜೀವ ಬಾಯಿಗೆ ಬಂತು. ಸುಳ್ಳೇಕೆ, ಆಯಿಯ ಮೇಲಿನ ಕನಿಕರಕ್ಕಿಂತ ನನ್ನ ಜೀವದ ಭಯವೇ ದೊಡ್ಡದಾಗಿತ್ತು. ಅವ್ವನಿಗೆ ಹೇಳಿದೆ. ಅವಳೂ ನೋಡಿದ್ದಳಂತೆ. "ಆದ್ರ ಹೇಳೋರ ಯಾರು? ಕೈ ನಡಗತೈತಿ ಅಂತ ಆಕಿ ಮುಂದ ನಾ ಹೇಳಲೇನ? ಎದಿ ಒಡಕೋತಾಳ" ಎಂದಳು. ಇಬ್ಬರೂ ಕೂಡಿ ಒಂದು ಉಪಾಯ ಮಾಡಿದೆವು. ಎಂಥ ಉಪಾಯ ಅಂತೀರಿ! ಮೂವತ್ತು ವರ್ಷ ಬಸುರಿಯರ ಹೊಟ್ಟೆ ಮುಟ್ಟಿದವಳ ಮುಂದೆ ಹೋಗಿ ನಾನು ಹೇಳಿದ್ದು ಇದು:

"ಆಯಿ, ಗದಗಿನ ಡಾಕ್ಟರ್ ಬಾಯಾರು ಕೂಸು ಅಡ್ಡ ಮಲಗೇತಿ ಅಂದ್ರು. ದವಾಖಾನಿಯಾಗ ಹೆರಿಗಿ ಆಗಬೇಕಂತ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಒರೆಸಿದ ತಾಟನ್ನೇ ಮತ್ತೆ ಒರೆಸುತ್ತಿದ್ದಳು. ಆಯಿ ಎದ್ದು ಹೋಗಿ ಸಾಬೂನಿನಿಂದ ಕೈ ತೊಳೆದು, ಅಂಗೈ ತಿಕ್ಕಿ ಬಿಸಿ ಮಾಡಿಕೊಂಡು ಬಂದು, "ಮಲಕೋ" ಎಂದಳು. ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು. ಅದು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಕೆಳಗೆ ಇಳಿದು ಒಂದು ಕಡೆ ಸುಮ್ಮನೆ ನಿಂತಿತು. ನಾನು ತೊಲೆ ಎಣಿಸುತ್ತಿದ್ದೆ.

"ಹೌದ," ಎಂದಳು ಕೊನೆಗೆ. "ಅಡ್ಡ ಐತಿ. ಗದಗಿಗೇ ಹೋಗ್ರಿ."

ಎದ್ದು ಆ ಗಂಟನ್ನು ತೆಗೆದು ಅವ್ವನ ಕೈಗೆ ಕೊಟ್ಟಳು. "ಇದನ್ನ ಒಯ್ರಿ. ದವಾಖಾನಿ ಅರಿವಿ ಬಿರಸ ಇರ್ತಾವ, ಕೂಸಿಗೆ ಚುಚ್ಚತಾವ." ಅಯ್ಯೋ ಪಾಪ, ವಯಸ್ಸಾಗಿ ಕೈಗೆ ತಿಳಿಯುವುದೂ ಹೋಯಿತಲ್ಲ ಎಂದುಕೊಂಡೆ ನಾನು. ಅಷ್ಟು ಶಾಣ್ಯಾಕಿ ನಾನು!

ನೋವು ಬಂದ ದಿನ ಬೆಳಿಗ್ಗೆ ಟಾಂಗಾದಲ್ಲಿ ಗದಗಿಗೆ ಹೋದೆವು. ಆಯಿಯೂ ಬಂದಳು. ದವಾಖಾನೆಯಲ್ಲಿ ಇದ್ದವಳು ಲಕ್ಷ್ಮೇಶ್ವರದ ಮುಮ್ತಾಜ್ ಸಿಸ್ಟರ್, ಹಿಂದೆ ಆಯಿಯ ಕೈಕೆಳಗೆ ಕೆಲಸ ಕಲಿತವಳು. ಮಧ್ಯಾಹ್ನದ ಹೊತ್ತಿಗೆ ನನ್ನ ನರಳಾಟ ಜೋರಾಯಿತು. ಆಯಿ ಮಂಚದ ಪಕ್ಕದಲ್ಲೇ ನಿಂತು, ಹಾಗೆ ಮಾಡು, ಹೀಗೆ ಮಾಡು ಎನ್ನುತ್ತಿದ್ದಳು. ಆಗ ಮುಮ್ತಾಜ್ ಬಹಳ ಮರ್ಯಾದೆಯಿಂದ ಹೇಳಿದಳು:

"ಬಾಯಾರ, ಸ್ವಲ್ಪ ಬಿಸಿನೀರ ತರ್ತೀರೇನ್ರಿ?"

ಆ ನೋವಿನಲ್ಲೂ ನನಗೆ ಹೊಂಬಳದ ಹಂಡೆ ನೆನಪಾಯಿತು. ಆಯಿ ಮುಮ್ತಾಜಳ ಮುಖ ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು. ತಂಬಿಗೆ ತೆಗೆದುಕೊಂಡು ಹೊರಗೆ ಹೋದಳು. ಅವಳ ಬೆನ್ನು ನೋಡುತ್ತ ನನಗೆ ಅಳು ಬಂತು. ಎಲ್ಲರೂ ಅದು ಹೆರಿಗೆಯ ನೋವು ಎಂದುಕೊಂಡರು.

ಕೂಸು ಅತ್ತಾಗ ಆಯಿ ಬಾಗಿಲಲ್ಲೇ ನಿಂತಿದ್ದಳು, ತಂಬಿಗೆಯ ನೀರು ಆರಿಹೋಗಿತ್ತು. ಮುಮ್ತಾಜ್ ಆ ಗಂಟಿನ ಬಟ್ಟೆಯಲ್ಲೇ ಕೂಸನ್ನು ಸುತ್ತಿ ಅವಳ ಕಡೆ ಚಾಚಿದಳು. "ಕೈಯಾಗ ಬ್ಯಾಡ," ಎಂದಳು ಆಯಿ. ಗೋಡೆಗೆ ಆತು ನೆಲದ ಮೇಲೆ ಕುಳಿತು, ಕೂಸಿಗೆ ನೀರೆರೆಯುವವರ ಹಾಗೆ ಎರಡೂ ಕಾಲು ನೀಡಿದಳು. "ಇಲ್ಲೆ ಹಾಕ, ಕಾಲ ಮ್ಯಾಲ." ಹಾಕಿದರು. ತುಸು ಹೊತ್ತು ನೋಡಿ, ಹಳೆಯ ಚಾಳಿ ಬಿಡಬೇಕಲ್ಲ, ಕೇಳಿಯೇಬಿಟ್ಟಳು: "ಹ್ಯಾಂಗ ಬಂತ ಇದು?"

ಮುಮ್ತಾಜಳಿಗೆ ನಮ್ಮ ಉಪಾಯ ಎಲ್ಲಿ ಗೊತ್ತು? "ತೆಲಿ ಮುಂದ ಮಾಡಿ ಸರಳ ಬಂತ್ರಿ ಬಾಯಾರ!" ಎಂದಳು.

ಅವ್ವ ಕಂಬದ ಹಾಗೆ ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ. ಆಯಿ ಕೂಸಿನ ತಲೆ ಸವರುತ್ತ, "ಕಡೀಕ ತಿರಿಗೇತಿ. ಶಾಣ್ಯಾ ಕೂಸು" ಎಂದಳು.

ಅಂದಿನಿಂದ ನನ್ನ ಮಗಳ ಹೆಸರು ಆಯಿಯ ಬಾಯಲ್ಲಿ 'ತಿರಿಗಿ ಬಂದಾಕಿ'. ಮನೆಗೆ ಬಂದವರಿಗೆಲ್ಲ ಹೇಳುವಳು: "ಇದು ಅಡ್ಡ ಇತ್ತು, ನಮ್ಮ ತ್ರಾಸ ನೋಡಿ ತಾನ ತಿರಿಗಿತು." ಪ್ರತಿ ಸಲವೂ ಆ ಮಾತು ನನಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಆಗುತ್ತಿತ್ತು. ನಾವು ಮೀನು ತಿನ್ನುವವರಲ್ಲ, ಆದರೂ ಹಾಗೇ ಇರಬೇಕು.

ಮಗಳು ಶಾಲೆಗೆ ಹೋಗತೊಡಗಿದ ವರ್ಷ ನನ್ನಿಂದ ತಡೆಯಲಾಗಲಿಲ್ಲ. ಆಯಿಯ ಸೂಜಿಗೆ ದಾರ ಪೋಣಿಸಿ ಕೊಡುತ್ತ ಹೇಳಿಬಿಟ್ಟೆ.

"ಆಯಿ, ಅವತ್ತ ಕೂಸು ಅಡ್ಡ ಇರಲಿಲ್ಲ. ನಾ ಸುಳ್ಳ ಹೇಳಿದ್ನಿ. ತಪ್ಪಾತು."

"ನನಗ ಕಲಸಾಕ ಬಂದಿ ಏನ? ತೆಲಿ ಕೆಳಗ ಇತ್ತು, ಬೆನ್ನ ಎಡಕ್ಕಿತ್ತು. ನನ್ನ ಕೈ ನಡಗತಿತ್ತು, ಖರೆ. ಕುರುಡ ಆಗಿರಲಿಲ್ಲ."

"ಮತ್ತ ಯಾಕ ಅಡ್ಡ ಐತಿ ಅಂದಿ?"

ಆಯಿ ಮೊದಲ ಸಲ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ನನ್ನ ಮುಂದೆ ಹಿಡಿದಳು. ಅದು ನಡುಗುತ್ತಲೇ ಇತ್ತು.

"ಗಂಟ ಕಟ್ಟಿಟ್ಟ ದಿವಸದಿಂದ ನನಗ ನಿದ್ದಿ ಇರಲಿಲ್ಲವಾ. ನಿನ್ನ ಮದುವಿ ದಿನ ಮಾತ ತಗೊಂಡಾಕಿ ನಾನ. ಈಗ ಒಲ್ಲೆ ಅನ್ನಾಕ ಬಾಯಿ ಬರವಲ್ದಾಗಿತ್ತು. ಕೂಸಿಗೆ ಏನರ ಆದ್ರ ಹ್ಯಾಂಗ ಅಂತ ದಿನಾ ದೇವರ ಮುಂದ ಕುಂಡರತಿದ್ನಿ. ನೀ ಬಂದು ಸುಳ್ಳ ಹೇಳಿದಿ ನೋಡ, ನಾ ಉಳಕೊಂಡ್ನಿ."

ನಾನು ಆ ಕೈಯನ್ನು ಹಿಡಿದುಕೊಂಡು ಅತ್ತೆ. ಅವಳು ಅಳಲಿಲ್ಲ. "ಸಾಕ, ಉಗುರ ನೋಡ ಎಷ್ಟ ಬೆಳಸಿದಿ" ಎಂದು ಬೈದಳು. ಆಮೇಲೂ ಇಪ್ಪತ್ತು ವರ್ಷ ಬದುಕಿದಳು, ಎಲ್ಲರಿಗೂ ಬೈಯುತ್ತ. 'ತಿರಿಗಿ ಬಂದಾಕಿ' ಎನ್ನುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಹಾಗೆಂದಾಗ ನನ್ನ ಕಡೆ ನೋಡಿ ಒಂದು ಕಣ್ಣು ಸಣ್ಣದು ಮಾಡುತ್ತಿದ್ದಳು.

ಆ ದವಾಖಾನೆಯ ಹುಡುಗಿಯನ್ನು ಬಹಳ ಹೊತ್ತು ನಿಲ್ಲಿಸಿಬಿಟ್ಟೆ. ಸಿರಿಂಜನ್ನು ಹಿರಿಯ ನರ್ಸಿನ ಕೈಗೆ ಕೊಡಲು ಹೊರಟಿದ್ದಳು. ಕಣ್ಣಲ್ಲಿ ನೀರು ಇತ್ತು.

"ಬ್ಯಾಡ್ರಿ ಸಿಸ್ಟರ್, ಈಕೀನ ಮಾಡ್ಲಿ," ಎಂದೆ ನಾನು, ತೋಳು ಮೇಲೆ ಸರಿಸುತ್ತ. ಮಗಳು, ಅದೇ 'ತಿರಿಗಿ ಬಂದಾಕಿ', "ಯವ್ವಾ!" ಎಂದು ಬೆರಗಾಗಿ ನನ್ನ ಮುಖ ನೋಡಿದಳು. ನಾನು ಆ ನಡುಗುವ ಕೈಯನ್ನೇ ನೋಡುತ್ತ ಕುಳಿತೆ. ಸೂಜಿ ಒಳಗೆ ಹೋಯಿತು. ಶಿವನೇ, ಎಂಥ ನೋವು! ತೋಳು ಹಿಡಿದುಕೊಂಡು ಕುಣಿಯುವುದೊಂದು ಬಾಕಿ.

"ನೋವಾತೇನ್ರಿ ಅಮ್ಮಾರ?" ಎಂದು ಕೇಳಿದಳು ಹುಡುಗಿ.

"ಏನೂ ಗೊತ್ತಾಗಲಿಲ್ಲ ನೋಡವಾ. ಭಾಳ ಹಗೂರ ಕೈ ನಿಂದು."

ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳಲು ಹೋದಳು. ಯೂನಿಫಾರ್ಮಿಗೆ ಸೆರಗು ಇರಲಿಲ್ಲ, ತೋಳಿಗೇ ಒರೆಸಿಕೊಂಡಳು. ಆಮೇಲೆ ಮೇಜಿನ ಮೇಲಿನ ಮುಂದಿನ ಚೀಟಿ ಎತ್ತಿಕೊಂಡು, ಪರದೆಯ ಆಚೆಗೆ ಕೇಳುವಂತೆ ಗಟ್ಟಿಯಾಗಿ ಕೂಗಿದಳು: "ಯಾರ್ರಿ ಮುಂದಿನೋರು? ಒಳಗ ಬರ್ರಿ!"