ಎರಡು ಹಲ್ಲು ಮುರಿದ ಚಕ್ರ

ನನಗೆ ಕಾಯುವುದು ಬರುವುದಿಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ತಡವಾದರೆ ಮುಂದಿನ ಸ್ಟಾಪಿನವರೆಗೆ ನಡೆದುಬಿಡುತ್ತೇನೆ, ಅಷ್ಟರಲ್ಲಿ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗಿರುತ್ತದೆ. ಐವತ್ತೆಂಟು ತುಂಬಿದರೂ ಈ ಅವಸರದ ಬುದ್ಧಿ ಬಿಟ್ಟಿಲ್ಲ. ಅಂಥವಳಿಗೆ ಹೋದ ವರ್ಷ ಎಂಟು ದಿನದ ಗಡುವೊಂದು ಗಂಟುಬಿತ್ತು.

ಖಾನಾಪುರದಿಂದ ಖಾಲಾ ಫೋನು ಮಾಡಿದ್ದರು. ಮದುವೆಗೆ ಮುಂಚೆ ನಾನು ಅಲ್ಲಿದ್ದಾಗ ನಮ್ಮ ಹಿತ್ತಲಿಗೆ ಹತ್ತಿದ ಮನೆ ಅವರದು. ಖಾಲಾ ಎಂದರೆ ಚಿಕ್ಕಮ್ಮ. ಓಣಿಯ ಮಕ್ಕಳೆಲ್ಲ ಹಾಗೆಯೇ ಕರೆಯುತ್ತಿದ್ದರು, ನಾನೂ ಕರೆದೆ. ಗೋವಾದಲ್ಲಿರುವ ಅವರ ತಂಗಿ ಬಹಳ ವರ್ಷಗಳ ಮೇಲೆ ಬಂದಿದ್ದರು, ಎಂಟು ದಿನ ಇದ್ದು ಕಣಕುಂಬಿ ದಾರಿಯಾಗಿ ಗೋವಾಕ್ಕೆ ಮರಳುವ ಬಸ್ಸು ಹಿಡಿಯುವವರಿದ್ದರು. ಇಬ್ಬರಿಗೂ ಎಂಬತ್ತರ ಆಸುಪಾಸು. ಇಬ್ಬರೂ ಜೊತೆಗಿರುವ ಒಂದೇ ಒಂದು ಫೋಟೊ ಇಲ್ಲ.

“ನಿನ್ನ ಆ ಸಣ್ಣ ಕ್ಯಾಮೆರಾ ತಗೊಂಡು ಬಾ ಬೇಟಿ. ಮೊಬೈಲ್ ಬ್ಯಾಡ,” ಅಂದರು.

ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಆ ತಂಗಿ ಮದುವೆಯಾದ ಹೊಸತರಲ್ಲಿ ಅಲ್ಲಿಯ ಸ್ಟುಡಿಯೊದವನು ಅವರ ಫೋಟೊ ದೊಡ್ಡದು ಮಾಡಿ ಅಂಗಡಿಯ ಗಾಜಿನೊಳಗೆ ತೂಗುಹಾಕಿದ್ದನಂತೆ. ದಾರಿಹೋಕರೆಲ್ಲ ನಿಂತು ನೋಡಿದರು. ಗಂಡನ ಮನೆಯಲ್ಲಿ ಅದಕ್ಕಾಗಿ ಅವರು ಕೇಳಿಸಿಕೊಂಡ ಮಾತು ಒಂದೆರಡಲ್ಲ. ಅಂದಿನಿಂದ ಸರಕಾರಿ ಕಾರ್ಡುಗಳಿಗೆ ಬಿಟ್ಟರೆ ಅವರು ಯಾವ ಕ್ಯಾಮೆರಾದ ಎದುರೂ ಕುಳಿತವರಲ್ಲ. ಮುಂದೆ ನಾನು ಹಗುರವಾದ ಪುಟ್ಟ ಕ್ಯಾಮೆರಾ ಒಂದನ್ನು ಕೊಂಡು, ಸ್ಟುಡಿಯೊಗೆ ಹೋಗದ ಹೆಂಗಸರ ಫೋಟೊಗಳನ್ನು ಅವರವರ ಮನೆಯಲ್ಲೇ ತೆಗೆಯತೊಡಗಿದಾಗ ಖಾಲಾ ಒಂದು ಕರಾರು ಹಾಕಿದರು. ಫೋಟೊ ಕೊಡುವಾಗ ಅದರ ನೆಗೆಟಿವ್ ಕೂಡ ಕತ್ತರಿಸಿ ಮನೆಯವರ ಕೈಗೇ ಕೊಡಬೇಕು. ನೆಗೆಟಿವ್ ನಮ್ಮ ಪೆಟ್ಟಿಗೆಯಲ್ಲಿದ್ದರೆ ನಮ್ಮ ಮುಖ ಊರು ತಿರುಗುವುದಿಲ್ಲ ಎಂಬುದು ಅವರ ಲೆಕ್ಕ. ಈ ಕರಾರಿನ ಮೇಲೇ ನನಗೆ ಖಾನಾಪುರದ ಎಷ್ಟೋ ಒಳಮನೆಗಳ ಬಾಗಿಲು ತೆರೆಯಿತು, ಆಚೆ ನಂದಗಡದಿಂದಲೂ ಕರೆ ಬಂತು. ನಾನು ಒಂದು ಸಲವೂ ತಪ್ಪಿದವಳಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಖಾಲಾಗೆ ಹೂಂ ಎಂದು ಫೋನಿಟ್ಟು ಕಪಾಟಿನಿಂದ ಕ್ಯಾಮೆರಾ ತೆಗೆದೆ. ಹೆಬ್ಬೆರಳಿನಿಂದ ತಿರುಗಿಸುವ ಚಕ್ರ ಕರಕರ ಎಂದು ಸುಮ್ಮನೆ ತಿರುಗಿತು, ಒಳಗಿನ ಹಲ್ಲುಗಳು ಅಲ್ಲಾಡಲಿಲ್ಲ. ರೀಲು ಹಾಕಿದರೂ ಅದು ಮುಂದೆ ಸರಿಯುವಂತಿರಲಿಲ್ಲ. ನನ್ನ ಸಂಕಟ ಅಲ್ಲಿಂದ ಶುರುವಾಯಿತು.

ಬೆಳಗಾವಿಯ ಖಡೇಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬರಿದ್ದಾರೆ, ಒಂದು ಕಾಲಕ್ಕೆ ಕ್ಯಾಮೆರಾಗಳನ್ನೂ ಬಿಚ್ಚುತ್ತಿದ್ದವರು. ನಾನು ಗಡಿಬಿಡಿ ಮಾಡಿದಷ್ಟೂ ನಿಧಾನ ಮಾಡುವ ಮನುಷ್ಯ. ಚಹಾ ಮುಗಿಸಿ, ಕನ್ನಡಕ ಒರೆಸಿ, ತಿರುಪುಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿ, ಕೊನೆಗೆ ಅಂಗಿಯ ಗುಂಡಿಯಷ್ಟು ಅಗಲದ ಪ್ಲಾಸ್ಟಿಕ್ ಚಕ್ರವೊಂದನ್ನು ಚಿಮಟದಲ್ಲಿ ಎತ್ತಿ ತೋರಿಸಿದರು. ಅದರ ಎರಡು ಹಲ್ಲು ಮುರಿದಿದ್ದವು. ಅದನ್ನು ಹೊಸದಾಗಿ ಮಾಡುವವರು ಈಗ ಎಲ್ಲೂ ಇಲ್ಲವೆಂದರು.

“ಇಂಥಾದ್ದ ಇನ್ನೊಂದು ಕ್ಯಾಮೆರಾ ತರ್ರಿ. ಸತ್ತದ್ದಿದ್ರೂ ನಡೀತೈತಿ.”

ಎರಡು ದಿನ ಬೆಳಗಾವಿಯ ಗಲ್ಲಿಗಳನ್ನೆಲ್ಲ ಸುತ್ತಿದೆ. ಕೆಲವು ಸ್ಟುಡಿಯೊಗಳಲ್ಲಿ ನನ್ನನ್ನು ಕನಿಕರದಿಂದ ಕೂರಿಸಿ ನೀರು ಕೊಟ್ಟರು, ಅದೇ ನನಗೆ ಹೆಚ್ಚು ಸಿಟ್ಟು ತಂದಿತು. ಇಂಟರ್ನೆಟ್ಟಿನಲ್ಲಿ ಜಪಾನಿನದೊಂದು ಕಂಡಿತು, ಬರಲು ತಿಂಗಳು ಬೇಕು. ಮೂರನೆಯ ದಿನ ಹಳೆ ಸಾಮಾನಿನ ಅಂಗಡಿಯಲ್ಲಿ ಥೇಟ್ ನನ್ನದರಂಥ ಒಂದು ಸಿಕ್ಕಾಗ ಕುಣಿದಾಡುತ್ತ ಖಡೇಬಜಾರಿಗೆ ಒಯ್ದೆ. ಬಿಚ್ಚಿ ನೋಡಿದರೆ ಅದರ ಚಕ್ರ ಒಂದು ಕೂದಲೆಳೆಯಷ್ಟು ದೊಡ್ಡದು. ನಾನು ಅಲ್ಲೇ ಅಳುವುದೊಂದು ಬಾಕಿ. ಸಂಜೆಯಾದರೆ ಖಾಲಾ ಫೋನು. ಕ್ಯಾಮೆರಾ ಕೆಟ್ಟಿದ್ದನ್ನು ಅವರಿಗೆ ಹೇಳಿದ್ದೆ, ಆದರೂ ರಿಪೇರಿ ಆಯಿತೇ ಎಂದು ಅವರು ಕೇಳುತ್ತಿರಲಿಲ್ಲ, ತಂಗಿ ಇವತ್ತು ಏನು ಅಡುಗೆ ಮಾಡಿದಳು ಎಂದಷ್ಟೇ ಹೇಳುತ್ತಿದ್ದರು.

ನಾಲ್ಕನೆಯ ದಿನ ರಿಪೇರಿಯವರಿಗೆ ಇಂಥದ್ದೇ ಕ್ಯಾಮೆರಾ ಇಟ್ಟುಕೊಂಡಿದ್ದ ದೇಸೂರಿನ ಒಬ್ಬರ ನೆನಪಾಯಿತು, ಸ್ಟುಡಿಯೊ ಮುಚ್ಚಿ ಮನೆಯಲ್ಲಿರುವವರು. ಮೊದಲೇ ನೆನಪಾಗಬಾರದಿತ್ತೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಕ್ಯಾಮೆರಾ ನಿಜಕ್ಕೂ ಅಲ್ಲಿತ್ತು, ಆದರೆ ದೇವರ ಜಗುಲಿಯ ಮೇಲೆ. ಸ್ಟುಡಿಯೊ ಮುಚ್ಚಿದ ಮೇಲೂ ಅವರು ವರ್ಷ ವರ್ಷ ಖಂಡೇನವಮಿಗೆ, ಆಯುಧಪೂಜೆಯ ದಿನ, ಅದನ್ನಿಟ್ಟು ಪೂಜೆ ಮಾಡುತ್ತ ಬಂದಿದ್ದರು. ಕುಂಕುಮವನ್ನು ಹಣೆಗೆ ಹಚ್ಚುವ ಹಾಗೆ ನೇರ ಲೆನ್ಸಿಗೇ ಹಚ್ಚಿ, ಅದು ಸಂದಿಸಂದಿಗೆ ಇಳಿದು, ಒಳಗೆಲ್ಲ ಕೆಂಪು ಗಟ್ಟಿ ಕಟ್ಟಿತ್ತು. ಫೋಟೊ ತೆಗೆಯಲು ಅದು ಯಾವತ್ತೋ ಬಾರದಾಗಿತ್ತು. ಚಕ್ರ ಮಾತ್ರ ಸಲೀಸಾಗಿ ತಿರುಗುತ್ತಿತ್ತು. ನಾನು ಆಗಲೇ ಚೀಲದ ಬಾಯಿ ಬಿಚ್ಚಿದ್ದೆ.

“ಇಷ್ಟ ವರ್ಷ ಪೂಜಿ ಮಾಡಿದ್ದನ್ನ ನಿಂತ ಕಾಲ ಮ್ಯಾಲೆ ಕೊಡಾಕ ಆಗಂಗಿಲ್ರಿ. ನಾಳೆ ಮುಂಜಾನೆ ಕಾಯಿ ಒಡದು, ಅಪ್ಪಣಿ ಕೇಳಿ ಕೊಡ್ತೀನಿ.”

ಕ್ಯಾಮೆರಾದಿಂದ ಅಪ್ಪಣೆ! ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ಅವರು ಪೇಪರಿನಿಂದ ತಲೆ ಎತ್ತದೆ, ಹಾಗಾದರೆ ನಾಳೆ ಕಾಯಿಯ ಚೂರು ಮರೆಯದೆ ತಾ ಎಂದರು. ಮರುದಿನ ಮತ್ತೆ ದೇಸೂರು. ಆ ಹಿರಿಯರು ಹೂ ಇಳಿಸಿ, ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿ, ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು ಕೊಟ್ಟರು. ಕೊಟ್ಟ ಮೇಲೂ ಅದರ ಪಟ್ಟಿಯನ್ನು ಬಿಡದೆ ಹಿಡಿದಿದ್ದರು. ನಾನು ಗಾಡಿಯ ಹೊತ್ತು ನೋಡುತ್ತಿದ್ದೆ. ಅವರ ಬಳಿ ಇನ್ನೆರಡು ನಿಮಿಷ ಕೂತು ಮಾತಾಡಬಹುದಿತ್ತು, ಆಡಲಿಲ್ಲ.

ಆರನೆಯ ದಿನ ಮಧ್ಯಾಹ್ನ ದೇಸೂರಿನ ಚಕ್ರ ನನ್ನ ಕ್ಯಾಮೆರಾದಲ್ಲಿ ಕೂತಿತು. ರಿಪೇರಿಯವರು ತಿರುಗಿಸಿ ಕಿವಿಯ ಹತ್ತಿರ ಹಿಡಿದು ಕೇಳಿದರು, ನನಗೂ ಕೇಳಿಸಿದರು. ಕಟಕಟ ಎಂಬ ಆ ಸಣ್ಣ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ರೀಲು ಸಿಗುವುದು ಕಷ್ಟವಾಗಲಿಲ್ಲ. ಕಾಲೇಜು ಹುಡುಗರಿಗೆ ಈಗ ಮತ್ತೆ ರೀಲಿನ ಹುಚ್ಚು ಹತ್ತಿದ್ದರಿಂದ ಒಂದು ಸ್ಟುಡಿಯೊ ಅದನ್ನು ತರಿಸಿ ಮಾರುತ್ತಿತ್ತು. ತೊಳೆಯಲು ಮುಂಬೈಗೆ ಕಳಿಸುವುದೂ ಅವರೇ.

ಏಳನೆಯ ದಿನ ಖಾನಾಪುರಕ್ಕೆ ಹೋದೆ. ಅಕ್ಕತಂಗಿಯರು ಕಿಟಕಿಯ ಬೆಳಕಿಗೆ ಮಂಚ ಎಳೆಸಿ ಸಿದ್ಧವಾಗಿ ಕುಳಿತಿದ್ದರು. ಯಾರು ಬಲಕ್ಕೆ ಕೂರುವುದೆಂದು ಅವರಲ್ಲೇ ಜಗಳ. ತಂಗಿಯ ಮುಂದಿನ ಹಲ್ಲು ಹೋಗಿತ್ತು, ಅದಕ್ಕೆ ಬಾಯಿ ಬಿಗಿಹಿಡಿದಿದ್ದರು. ಖಾಲಾ ದಖನಿ ಉರ್ದುವಿನಲ್ಲಿ ಏನೋ ಅಂದರು, ಇಬ್ಬರೂ ಒಮ್ಮೆಗೇ ನಕ್ಕರು, ನಾನು ಒತ್ತಿದೆ. ರೀಲು ಮುಗಿಯುವವರೆಗೂ ತೆಗೆದೆ. ಹೊರಡುವಾಗ ತಂಗಿ ನನ್ನ ಮುಂಗೈ ಹಿಡಿದರು.

“ನೆಗೆಟಿವ್ ಖರೇನ ಕೊಡ್ತೀಯೇನು?”

ನಾನು ಉತ್ತರ ಕೊಡುವ ಮೊದಲೇ ಖಾಲಾ, ಆಕೆ ಒಮ್ಮೆಯೂ ತಪ್ಪಿದವಳಲ್ಲ, ನನ್ನ ಮಾತು ನಂಬು ಎಂದು ತಂಗಿಗೆ ಹೇಳಿದರು.

ಅದೇ ಸಂಜೆ ರೀಲನ್ನು ಸ್ಟುಡಿಯೊಗೆ ಕೊಟ್ಟೆ. ಕೌಂಟರಿನಲ್ಲಿದ್ದವರು ಏನೇನೋ ಕೇಳಿದರು, ಬೇಗದ್ದೋ ನಿಧಾನದ್ದೋ, ಫೋನಿಗೆ ಕಳಿಸಬೇಕೋ, ಪ್ರಿಂಟು ಬೇಕೋ. ನಾನು ಅವರಿಗೆ ದೇಸೂರಿನ ಚಕ್ರದ ಕತೆ ಹೇಳುವ ಉಮೇದಿನಲ್ಲಿದ್ದೆ. ಎಲ್ಲ ಮಾಡ್ರಿ, ಲಗೂ ಮಾಡ್ರಿ ಎಂದೆ. ಅವರು ಒಂದು ಚೀಟಿ ಮುಂದೆ ಸರಿಸಿದರು. ಓದದೆ ಸಹಿ ಹಾಕಿದೆ.

ಹತ್ತು ದಿನದ ಮೇಲೆ ನಾನು ಕಾಯಿಪಲ್ಲೆ ಕೊಳ್ಳುತ್ತಿದ್ದಾಗ ಫೋನು ಟಿಂಗೆಂದಿತು. ತೆರೆದರೆ ಅಕ್ಕತಂಗಿಯರು, ಬಿದ್ದ ಹಲ್ಲಿನ ಸಂದಿ ಸಮೇತ ನಗುತ್ತಿದ್ದರು. ಅಷ್ಟು ಚಂದದ ಫೋಟೊ ನಾನು ಬದುಕಿನಲ್ಲಿ ತೆಗೆದಿಲ್ಲ. ಮೆಂತ್ಯ ಮಾರುವವಳು ಕತ್ತು ಚಾಚಿ ನೋಡಿ, ಯಾರಿವರು ಎಂದಳು. ಆಗ ನನಗೆ ಕರಾರು ನೆನಪಾಯಿತು. ನಾನು ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸ್ಟುಡಿಯೊಗೆ ಓಡಿದೆ. ನೆಗೆಟಿವ್ ಎಲ್ಲಿ ಎಂದು ಕೇಳಿದೆ.

“ಈಗ ಅದನ್ಯಾರೂ ಕೇಳಂಗಿಲ್ರಿ. ಲಗೂದ್ದಕ್ಕ ವಾಪಸ್ ಬರಂಗಿಲ್ಲ, ಅಲ್ಲೇ ಕಸಕ್ಕ ಹಾಕ್ತಾರ. ಚೀಟಿದಾಗ ಬರದೈತಿ.”

ನನ್ನ ಎದುರೇ ಮುಂಬೈಗೆ ಫೋನು ಹಚ್ಚಿಸಿದೆ. ಕಸ ಹೋಗಿಯಾಗಿತ್ತು. ಸ್ಟುಡಿಯೊದವರನ್ನು ಬೈಯಲು ಬಾಯಿ ತೆರೆದೆ, ಅವರು ನನ್ನ ಸಹಿ ತೋರಿಸಿದರು.

ಪ್ರಿಂಟು ತೆಗೆದುಕೊಂಡು ಖಾನಾಪುರಕ್ಕೆ ಹೋಗಲು ಮತ್ತೆ ನಾಲ್ಕು ದಿನ ಬೇಕಾಯಿತು. ಯಾವತ್ತೂ ಕಾಯದ ನಾನು ಆ ನಾಲ್ಕು ದಿನ ಒಂದೊಂದು ನೆವ ಹೇಳಿ ಮುಂದೂಡಿದೆ. ಸುಳ್ಳು ಹೇಳುವ ಯೋಚನೆಯೂ ಬಂತು. ನಮ್ಮ ಮನೆಯದೇ ಹಳೆಯ ಯಾವುದೋ ನೆಗೆಟಿವ್ ಕತ್ತರಿಸಿ ಕೊಟ್ಟರೆ ಖಾಲಾರ ಮಂಜುಗಣ್ಣಿಗೆ ಏನು ಗೊತ್ತಾದೀತು ಎಂದುಕೊಂಡು ಕತ್ತರಿಯನ್ನೂ ಕೈಗೆತ್ತಿಕೊಂಡಿದ್ದೆ. ಆಮೇಲೆ ನನ್ನ ಮೇಲೇ ಹೇಸಿಗೆಯಾಗಿ ಇಟ್ಟುಬಿಟ್ಟೆ.

ಖಾಲಾ ಫೋಟೊವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಂಗಿಯ ಮುಖದ ಮೇಲೆ ಬೆರಳಾಡಿಸಿದರು. ಆಮೇಲೆ ಇನ್ನೊಂದು ಕೈ ಚಾಚಿದರು. ನಾನು ಎಲ್ಲವನ್ನೂ ಹೇಳಿದೆ, ಚೀಟಿ, ಸಹಿ, ಮುಂಬೈಯ ಕಸದ ಬುಟ್ಟಿ. ಅವರ ಎದುರೇ ನನ್ನ ಫೋನಿನಿಂದ ಆ ಚಿತ್ರ ಅಳಿಸಿದೆ. ಅವರು ಫೋನಿನ ಕಡೆ ನೋಡಲೇ ಇಲ್ಲ. ಎಷ್ಟು ಮಂದಿ ನೋಡಿರಬಹುದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಚಾಚಿದ ಕೈ ನಿಧಾನವಾಗಿ ಮಡಿಲಿಗೆ ಹೋಯಿತು.

ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಸೊಸೆಗೆ ಚಾ ಇಡಲು ಹೇಳಿ, ತಂಗಿ ದಿನಾ ಫೋನು ಮಾಡಿ ನೆಗೆಟಿವ್ ಬಂತೇ ಎಂದು ಕೇಳುತ್ತಾಳೆ ಎಂದರು. ಇದ್ದದ್ದನ್ನು ಹೇಳಿಬಿಡಿ, ಬೇಕಾದರೆ ನಾನೇ ಮಾತಾಡುತ್ತೇನೆ ಎಂದೆ.

“ಬ್ಯಾಡ. ಬಂತು, ಪೆಟಿಗ್ಯಾಗ ಇಟ್ಟೀನಿ ಅಂತ ಹೇಳ್ತೀನಿ,” ಅಂದರು. “ನಿನ್ನ ಮ್ಯಾಲಿನ ಭರೋಸಾ ಆಕಿ ಕಡೆ ಆದ್ರೂ ಇರ್ಲಿ.”

ಚಾ ಬಂತು. ಅದು ಆರುವವರೆಗೆ ನಾನು ಅವರ ಎದುರು ಅಲ್ಲಾಡದೆ ಕುಳಿತಿದ್ದೆ.