ಸದ್ದು ಕಡಿಮೆಯಿದ್ದ ಗಿಲಕಿ

ಇಂದು ಕಮತಗಿಯ ಸಂತೆಯಲ್ಲಿ ಚಿಗವ್ವನ ಮಗ ತನ್ನ ಕೂಸಿಗೆ ಗಿಲಕಿ ಕೊಳ್ಳಲು ನಿಂತ. ನನಗೆ ಮಹಾಕೂಟದ ಜಾತ್ರೆಯ ಅಂಗಡಿಸಾಲು ನೆನಪಾಯಿತು.

ಆಗ ಅವನೇ ಕೂಸು. ಚಿಗವ್ವ ಅವನ ಕಿವಿಯ ಹಿಂದೆ ಒಂದೊಂದೇ ಗಿಲಕಿ ಆಡಿಸುತ್ತಿದ್ದಳು. ಅವನು ತಿರುಗಿ ನೋಡುತ್ತಿರಲಿಲ್ಲ.

"ಇನ್ನೂ ಜೋರ್ ಸಪ್ಪಳದ್ದು ಕೊಡ್ರಿ."

"ಇದಕ್ಕಿಂತ ಜೋರ್ ಬೇಕಂದ್ರ ಎತ್ತಿನ ಗಂಟಿ ಕಟ್ಟಬೇಕ್ರೆವ್ವಾ," ಎಂದು ಅಂಗಡಿಯವನು ನಕ್ಕ. ಚಿಗವ್ವ ನಗಲಿಲ್ಲ.

ಅಜ್ಜಿ ಮಾತ್ರ ಪ್ರತಿಯೊಂದನ್ನೂ ತನ್ನ ಕೆನ್ನೆಗೆ ಒತ್ತಿ ಅಲುಗಾಡಿಸಿ ನೋಡಿದಳು. ಕೊನೆಗೆ ದಪ್ಪ ಕಾಳು ತುಂಬಿದ ಸೋರೆಬುರುಡೆಯ ಗಿಲಕಿಯನ್ನು ಆರಿಸಿದಳು.

"ಯವ್ವಾ, ಅದಕ ಸಪ್ಪಳನ ಇಲ್ಲಲ್ಲ!"

"ಸಪ್ಪಳ ನಮಗ ಬೇಕಾಗೇದ ಮಗಳ, ಅವಗಲ್ಲ."

ಅಜ್ಜಿ ಅದನ್ನು ಕೂಸಿನ ಎದೆಗೆ ಒತ್ತಿ ಮೆಲ್ಲನೆ ಆಡಿಸಿದಳು. ಒಳಗಿನ ಕಾಳಿನ ನಡುಕ ಮೈಗೆ ತಾಗಿ ಕೂಸು ಕಣ್ಣರಳಿಸಿ ನಕ್ಕಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತು ಅಂದು ಹೊರಬಿದ್ದಿತ್ತು. ಚಿಗವ್ವ ಸೆರಗು ಬಾಯಿಗಿಟ್ಟು ಅಲ್ಲೇ ಕುಳಿತುಬಿಟ್ಟಳು.

ಇಂದು ಅವನೂ ಗಿಲಕಿಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿದ. ಆಮೇಲೆ ಒಂದನ್ನು ತೆಗೆದು ನನ್ನ ಕಿವಿಯ ಬಳಿ ಆಡಿಸಿ, ಸದ್ದು ಚೆನ್ನಾಗಿದೆಯೇ ಎಂದು ಕಣ್ಣಲ್ಲೇ ಕೇಳಿದ. ಅವನ ಮಗಳಿಗೆ ಕಿವಿ ಕೇಳುತ್ತದೆ.