ಕನ್ಯೆ ನೋಡಲು ಹೋದಾಗ ನಾನು ವಾಲಿದ ಬಗ್ಗೆ

ವಿನಯಪೂರ್ವಕ ಅರಿಕೆ ಏನೆಂದರೆ, ಧಾರವಾಡದ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಹಿರಿಯರೊಡನೆ ಹುಬ್ಬಳ್ಳಿಗೆ ಕನ್ಯೆ ನೋಡಲು ಹೋಗಿದ್ದೆನು. ಸದರಿ ಮನೆಯ ಪಡಸಾಲೆಯ ಹಳೆಯ ಫರಸಿಕಲ್ಲಿನ ನೆಲವು ಒಳಬಾಗಿಲಿನ ಕಡೆಗೆ ಕುಸಿದಿತ್ತು. ಆದಕಾರಣ ನನಗೆ ಕೂಡಲು ಕೊಟ್ಟ ಕುರ್ಚಿಯೂ, ಅದರೊಡನೆ ನಾನೂ, ಕನ್ಯೆ ನಿಂತಿದ್ದ ಆ ಬಾಗಿಲಿನತ್ತ ವಾಲಿದೆವು.

“ಹುಡುಗನ ಮನಸ್ಸು ಆ ಕಡೇನ ಐತಿ, ನೋಡ್ರಿ!” ಎಂದು ನನ್ನ ಸೋದರಮಾವ ನಕ್ಕರು. ಹುಡುಗನನ್ನು ಕೇಳುವ ಪದ್ಧತಿ ಆಗ ಇರಲಿಲ್ಲ. ಸಂಬಂಧವನ್ನು ಅಲ್ಲಿಯೇ ನಿಶ್ಚಯಿಸಲಾಯಿತು.

ಮದುವೆಯಾದ ಮೇಲೆ ಹೆಂಡತಿ ಕೇಳಿದಳು: “ಖರೇ ಹೇಳ್ರಿ, ಅವತ್ತು ನಿಮಗ ಮನಸ್ಸಿತ್ತೋ, ಬರೇ ಕುರ್ಚಿ ವಾಲಿತ್ತೋ?”

ವಿಜ್ಞಾನದ ಪ್ರಕಾರ ವಾಲಿದ್ದು ಕುರ್ಚಿಯೇ. ಆದರೆ ಕಾಲೂರಿ ನೆಟ್ಟಗೆ ಕೂಡಲು ಅವಕಾಶವಿತ್ತು, ಅದನ್ನು ನಾನು ಬಳಸಿಕೊಳ್ಳಲಿಲ್ಲವೆಂದು ಉತ್ತರಿಸಿದೆನು.

“ಹಂಗಂದ್ರ ಹೂಂ ಅಂತ ತಿಳಕೊಳ್ಳಲೇನ್ರಿ, ಮಾಸ್ತರ?”

ಹಾಗೆಯೇ ತಿಳಿಯಬೇಕೆಂದು ವಿನಂತಿಸಿದೆನು.